ಪಿಸ್ತೂಲಿಗೆ ಹಚ್ಚಿದ ವಿಭೂತಿ

ಮಹಾನವಮಿಯ ದಿನ ನಮ್ಮ ಮನೆಯಲ್ಲಿ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಇಡುವ ಸಾಮಾನು ಬಹಳವೇನಿಲ್ಲ. ಈಳಿಗೆ, ಕುಡುಗೋಲು, ನಮ್ಮ ಯಜಮಾನರ ಸ್ಕೂಟರು, ನನ್ನ ಹೊಲಿಗೆ ಮಷಿನ್ನು. ಹೋದ ವರ್ಷ ಆ ಸಾಲಿಗೆ ಮಗಳ ಪಿಸ್ತೂಲೂ ಬಂದು ಸೇರಿತು. ಗಾಬರಿಯಾಗಬೇಡಿ. ಅದು ಗಾಳಿಯ ಒತ್ತಡದಿಂದ ಹಾರಿಸುವ ಆಟದ ಪಿಸ್ತೂಲು. ಹತ್ತು ಮೀಟರ್ ದೂರದ ಕಾಗದದ ಗುರಿಗೆ ಜೋಳದ ಕಾಳಿನಷ್ಟು ಸೀಸದ ಗುಂಡು ಹೊಡೆಯುವುದು, ಅಷ್ಟೇ ಅದರ ಕೆಲಸ. ಮಗಳು ಬಾದಾಮಿಯಿಂದ ದಿನಾ ಬಾಗಲಕೋಟೆಯ ಕಾಲೇಜಿಗೆ ಹೋಗುತ್ತಾಳೆ. ಕಾಲೇಜು ಬಿಟ್ಟ ಮೇಲೆ ಅಲ್ಲಿಯೇ ಗುರಿ ಹೊಡೆಯುವುದನ್ನು ಕಲಿಯುತ್ತಾಳೆ.

ಅವಳು ಸ್ನಾನಕ್ಕೆ ಹೋದಾಗ ನಾನೇ ಪೆಟ್ಟಿಗೆ ತೆಗೆದೆ. ಹೊಳೆಯಲಿ ಎಂದು ಕೊಬ್ಬರಿ ಎಣ್ಣೆಯ ಅರಿವೆಯಿಂದ ತಿಕ್ಕಿದೆ. ವಿಭೂತಿ ಕಲಸಿ ಮೂರು ಬೆರಳಿನಿಂದ ಧಾರಾಳವಾಗಿ ಎಳೆದೆ. ಕುಂಕುಮ ಇಟ್ಟು ಚೆಂಡುಹೂ ಏರಿಸಿ ಕೈ ಮುಗಿದೆ. ಮಗಳು ಬಂದು ನೋಡಿ ಹೊಟ್ಟೆ ಹಿಡಿದು ನಕ್ಕಳು, ಫೋಟೋ ತೆಗೆದಳು, ಮರುದಿನ ಮೇಲಿಂದ ಒರೆಸಿ ಒಯ್ದಳು.

ಎರಡು ದಿನ ಬಿಟ್ಟು ಅವಳಿಗೆ ಕಲಿಸುವ ಸರ್ ಫೋನು ಮಾಡಿದರು.

"ಅಕ್ಕಾರ, ಪೂಜಿ ಭಾಳ ಜೋರ ಮಾಡೀರಿ. ಗುಂಡು ಇಡೋ ಸಂದ್ಯಾಗ ವಿಭೂತಿ ಇಳದು ಗಟ್ಟಿಯಾಗಿ ಕುಂತೈತಿ. ಗಾಳಿ ಸೋರದಂಗ ಹಿಡಿಯೋ ಒಳಗಿನ ರಬ್ಬರ್ ಬಳಿ ಎಣ್ಣಿ ಕುಡದು ಉಬ್ಬೇತಿ. ಹೊಡದದ್ದೆಲ್ಲಾ ಕೆಳಗ ಬೀಳಾಕತ್ತೇತ್ರಿ."

ನನಗೆ ನೆಲ ಬಿರಿದಂತಾಯಿತು. ಆದರೆ ಯಾರಿಗೂ ಪೆಟ್ಟಾಗಿರಲಿಲ್ಲ. ಅಂಥ ರಬ್ಬರ್ ಬಳೆ ಸರ್ ಹತ್ತಿರ ಒಂದು ಉಳಿದಿತ್ತು. ಬೈಯುವ ಬದಲು ಅವರು ನಕ್ಕಿದ್ದರು. ಒಂದೇ ದಿನದಲ್ಲಿ ಶಿವನು ಮೂರು ಸಲ ಕಾಯ್ದ ಎಂದು ಲೆಕ್ಕ ಹಿಡಿದೆ.

ಮಗಳು ಮಾತ್ರ ಆ ದಿನ ನಗಲಿಲ್ಲ. ಪೆಟ್ಟಿಗೆಗೆ ಸಣ್ಣ ಕೀಲಿ ಹಾಕಿದಳು.

"ಯವ್ವಾ, ಇನ್ನ ಇದನ್ನ ನೀ ಮುಟ್ಟಬ್ಯಾಡ."

ಹದಿನೇಳು ವರ್ಷ ಅವಳ ಜಡೆಯಿಂದ ಹಿಡಿದು ಟಿಫಿನ್ ಡಬ್ಬಿಯವರೆಗೆ ಎಲ್ಲ ಮುಟ್ಟಿದ ಕೈ ನನ್ನದು. ಆ ಕೀಲಿ ಕಂಡಾಗಲೆಲ್ಲ ಎದೆಯಲ್ಲಿ ಮುಳ್ಳಾಡಿದಂತಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಸರ್ ಒಂದು ಸಂದೇಶ ಕಳಿಸಿದರು. ಶನಿವಾರ, ರವಿವಾರ ಎರಡು ದಿನ ಪಿಸ್ತೂಲು ಬಿಚ್ಚಿ, ಶುಚಿ ಮಾಡಿ, ಬಳೆ ಬದಲಿಸಿ ಜೋಡಿಸುವ ತರಬೇತಿ, ಪಾಲಕರೂ ಬರಬಹುದು. ಮುಂದಿನ ತಿಂಗಳೇ ಮಗಳ ಆಯ್ಕೆ ಪಂದ್ಯ. ಅಲ್ಲಿ ಪಿಸ್ತೂಲು ಕೈಕೊಟ್ಟರೆ ಸರ್ ಒಬ್ಬರೇ ಎಷ್ಟು ಮಕ್ಕಳ ಹತ್ತಿರ ಓಡಿಯಾರು? ಮಗಳಿಗೆ ಶನಿವಾರ ಪರೀಕ್ಷೆ. ನಮ್ಮ ಯಜಮಾನರು ಬಂಗಾರದಂಥ ಮನುಷ್ಯರು, ಆದರೆ ಮಿಕ್ಸರಿನ ಮುಚ್ಚಳ ಕೂಡ್ರಿಸಲೂ ನನ್ನನ್ನು ಕೂಗುತ್ತಾರೆ. ಉಳಿದವಳು ನಾನು. ಆ ರವಿವಾರವೇ ಅಮಾವಾಸ್ಯೆ. ಮದುವೆಯಾಗಿ ಬಂದಾಗಿನಿಂದ ಅಮಾವಾಸ್ಯೆಗೆ ಮಹಾಕೂಟದ ಶಿವನ ಗುಡಿಯ ಹೊಂಡದಲ್ಲಿ ಮುಳುಗು ಹಾಕುವುದನ್ನು ನಾನೂ ಅತ್ತೆಯೂ ಬೇಕೆಂದು ಬಿಟ್ಟವರಲ್ಲ.

ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಹೇಳಿದೆ.

"ಲಿಂಗ ಹಿಡಿಯೋ ಕೈಯಾಗ ಪಿಸ್ತೂಲ ಹಿಡೀತೀಯೇನವಾ?"

"ಕಾಗದಕ್ಕ ಹೊಡಿಯೂದ್ರಿ ಅತ್ತಿ. ನಮ್ಮ ಈಳಿಗಿಗಿಂತ ಸಾಧು ಐತಿ."

"ಮತ್ತ ಅಮಾಸಿ?"

ನಾನೂ ಅವರ ಎದುರು ಕೂತು ಅವರೆಕಾಯಿ ಸುಲಿಯತೊಡಗಿದೆ.

ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತೆ. ಅಂಗೈಯಲ್ಲಿ ಲಿಂಗ, ಬೆರಳಲ್ಲಿ ವಿಭೂತಿ. ಆಗ ಇಳಕಲ್ಲಿನ ತವರುಮನೆ ಕಣ್ಣೆದುರು ಬಂತು. ಅಪ್ಪ ಸೀರೆ ನೇಯುತ್ತಿದ್ದ. ಖಂಡೇಪೂಜೆಯಂದು ಮಗ್ಗಕ್ಕೆ ವಿಭೂತಿ ಹಚ್ಚುವ ಕೆಲಸ ನನ್ನದು. ಒಂದು ಸಲ ಹಣಿಗೆಗೆ, ಅಂದರೆ ಎಳೆಗಳೆಲ್ಲ ಹಾದುಬರುವ ಬಾಚಣಿಗೆಯಂಥ ಭಾಗಕ್ಕೆ, ಬೆರಳು ಒಯ್ದಿದ್ದೆ. ಅಪ್ಪ ಥಟ್ಟನೆ ಕೈ ಹಿಡಿದಿದ್ದ.

"ಕಟ್ಟಿಗಿಗೆ ಹಚ್ಚವಾ, ಹಣಗಿಗೆ ಬ್ಯಾಡ. ಎಳಿ ಓಡಾಡೂ ದಾರಿ ಅದು. ಪುಡಿ ಕುಂತರ ಹರಿತಾವು."

ಅಪ್ಪನ ಭಕ್ತಿ ಕಡಿಮೆಯದಲ್ಲ. ನಾಲ್ಕು ಗಂಟೆಗೆ ಎದ್ದು ಲಿಂಗಪೂಜೆ ಮಾಡದೆ ಮಗ್ಗದ ಕುಣಿಗೆ ಇಳಿದವನಲ್ಲ. ಎಲ್ಲಿ ಹಚ್ಚಬಾರದು ಎಂದು ಅವನಿಗೆ ಗೊತ್ತಿತ್ತು, ಏಕೆಂದರೆ ಮಗ್ಗ ಅವನಿಗೆ ಗೊತ್ತಿತ್ತು. ನಾನು ಮಗಳ ಪಿಸ್ತೂಲಿಗೆ ಕೈ ಮುಗಿದಿದ್ದೆ, ಅದನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಪೂಜೆ ಮುಗಿಸಿ ಎದ್ದವಳೇ ಫೋನು ಹಚ್ಚಿದೆ.

"ಸರ, ನನ್ನ ಹೆಸರು ಬರ್ಕೋರಿ."

"ಖರೇನ ಬರ್ತೀರಿ ಅಕ್ಕಾರ? ಬರಾವ್ರೆಲ್ಲಾ ಗಂಡಸೂರ ಅದಾರ್ರಿ."

"ಇರ್ಲಿ ಬಿಡ್ರಿ, ಪಾಪ, ಅವರೂ ಕಲೀಲಿ."

"ಬರೂವಾಗ ವಿಭೂತಿ ಮನ್ಯಾಗ ಇಟ್ಟು ಬರ್ರಿ ಮತ್ತ."

"ಹಣಿಮ್ಯಾಗಿಂದು ಒರಸಂಗಿಲ್ರಿ, ಮೊದಲ ಹೇಳೇನಿ."

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. "ನಾ ಒಬ್ಬಾಕೀನ ಮಾಕೂಟಕ್ಕ ಹೋಗ್ತೇನಿ. ನಿನ್ನ ಪಾಲಿನ ಮುಳುಗು ನಾ ಹಾಕಂಗಿಲ್ಲ, ನೋಡು."

"ಬ್ಯಾಡ್ರಿ ಅತ್ತಿ. ಮುಂದಿನ ಅಮಾಸಿಗೆ ನಾನ ಎರಡು ಹಾಕ್ತೇನಿ. ಥಂಡೀನೂ ಜೋರ ಇರ್ತೈತಿ, ಶಿವಗೂ ಸಮಾಧಾನ ಆದೀತು."

ಅವರು ನಗು ತಡೆದು ಒಳಗೆ ಹೋದರು. ಅದನ್ನೂ ನಾನು ಕೃಪೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಸಂಜೆ ಮಗಳು ಕಾಲೇಜಿನಿಂದ ಬಂದಳು. ಸರ್ ಹೇಳಿಬಿಟ್ಟಿದ್ದರು ಎಂದು ಕಾಣುತ್ತದೆ. ಪೆಟ್ಟಿಗೆಯನ್ನು ನನ್ನ ಮುಂದಿಟ್ಟಳು, ಕೀಲಿ ತೆಗೆದಳು. ಒಳಗೆ ಗುಂಡಿಲ್ಲ ಎಂದು ಎರಡು ಸಲ ನೋಡಿದಳು.

"ಹೇಳು ನೋಡೂಣು, ಎಲ್ಲಿ ವಿಭೂತಿ ಹಚ್ಚಬಾರ್ದು?"

ಗುಂಡು ಇಡುವ ಸಂದಿಯ ಮೇಲೆ, ತಾಗಿಸದೆ, ಬೆರಳು ಹಿಡಿದೆ. "ಇಲ್ಲಿ. ಇದು ಗುಂಡಿನ ದಾರಿ."

"ಇನ್ನೂ ಐದಾರು ಕಡೆ ಅದಾವು," ಎಂದಳು.

"ಅವನ್ನ ಶನಿವಾರ ಕಲಿತೇನಿ. ನೀ ನಿನ್ನ ಪರೀಕ್ಷಾಕ್ಕ ಓದ್ಕೋ ಹೋಗು."

ಅವಳು ಓದಲು ಹೋದಳು. ಪೆಟ್ಟಿಗೆ ನನ್ನ ಮುಂದೆಯೇ ಇತ್ತು, ಕೀಲಿ ಅದರ ಮೇಲೆಯೇ ಬಿದ್ದಿತ್ತು.