ಲಾಭ ಬಿಟ್ಟು ಬರೆದ ಲೆಕ್ಕ

ನಾನು ಬ್ಲಾಗು ಬರೆದು ದುಡಿದವನು ಎಂದರೆ ಈಗಲೂ ನಮ್ಮ ಮೂಡಲಗಿಯಲ್ಲಿ ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ನನ್ನ ಕಸುಬು ಸುಟ್ಟ ಪಂಪ್‌ಸೆಟ್ ಮೋಟರಿನ ಒಳಗಿನ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತುವುದು. ಉಗುರಿನಿಂದ ವಾರ್ನಿಶಿನ ವಾಸನೆ ಹೋಗದ ಮನುಷ್ಯ ಬರೆಯುವುದೇನು, ಅದಕ್ಕೆ ಯಾರೋ ರೊಕ್ಕ ಕೊಡುವುದೇನು! ಆದರೆ ಬರೆದೆ, ರೊಕ್ಕವೂ ಬಂತು. ಅದರ ಹಿಂದೆ ಬಂದ ಹೆದರಿಕೆ ಮಾತ್ರ ನನ್ನ ವೈರಿಗೂ ಬೇಡ.

ಬೇಸಿಗೆಯಲ್ಲಿ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಕಬ್ಬು ಬಾಡುತ್ತಿರುವಾಗ ಕುಲಗೋಡದ ಕಡೆಯ ರೈತ ಸುಟ್ಟ ಮೋಟರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, "ಇವತ್ತ ಸಂಜಿಗೇ ಬೇಕ್ರಿ" ಎಂದು ಅಂಗಡಿಯ ಮುಂದೆ ಕೂತೇ ಬಿಡುತ್ತಾನೆ. ಮಳೆ ಹಿಡಿಯಿತೋ, ಪಂಪ್‌ಸೆಟ್ಟೂ ಬಂದ್, ನಾನೂ ಬಂದ್. ಮೂರ್ನಾಲ್ಕು ತಿಂಗಳು ನೊಣ ಹೊಡೆಯುವುದೇ ಉದ್ಯೋಗ. ಪ್ರತಿ ವರ್ಷ ಅಂಗಡಿಗೆ ಕೀಲಿ ಹಾಕಿ ಸಕ್ಕರೆ ಕಾರ್ಖಾನೆಯ ರಿಪೇರಿ ಕೆಲಸಕ್ಕೆ ದಿನಗೂಲಿಯಾಗಿ ಹೋಗುತ್ತಿದ್ದೆ. ಬೇಸಿಗೆಯಲ್ಲಿ ನನ್ನನ್ನು ಮೇಸ್ತ್ರಿ ಎಂದು ಕರೆದ ಜನರೇ ಮಳೆಗಾಲದಲ್ಲಿ "ಏಯ್, ಆ ಪೈಪ್ ಎತ್ತಲೇ" ಅನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿರಬೇಕು. ಹೆಂಡತಿಯ ತಂಗಿಯ ರಿಸಲ್ಟು ನೋಡಲು ಗೋಕಾಕದ ಒಂದು ನೆಟ್ ಸೆಂಟರಿಗೆ ಹೋಗಿದ್ದೆ. ಅಲ್ಲಿಯ ಮಾಲೀಕ ಮಾತಿನ ನಡುವೆ ಬ್ಲಾಗಿನ ವಿಷಯ ತೆಗೆದ. ಪುಟ ಪುಕ್ಕಟೆ, ಗೊತ್ತಿದ್ದದ್ದು ಬರೆ, ಓದಲು ಮಂದಿ ಬಂದರೆ ಬಾಜೂಕ್ಕೆ ಜಾಹೀರಾತು ಬರುತ್ತದೆ, ಅದರಲ್ಲಿ ನಿನಗೊಂದು ಪಾಲು. ಇಷ್ಟು ಹೇಳಿ, "ಆದ್ರ ಕನ್ನಡದಾಗ ಬರದ್ರ ಜಾಹೀರಾತು ಬರೂದಿಲ್ಲ ನೋಡ್ರಿ. ಇಂಗ್ಲಿಷ್ ಆಗಬೇಕ" ಎಂದ.

ಮನೆಗೆ ಬಂದು ಹೇಳಿದರೆ ಪಿಯುಸಿ ಓದಿದ ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು.

"ನಿಮಗ ಇಂಗ್ಲಿಷ್ ಎಲ್ಲಿ ಬರ್ತೈತ್ರಿ? ಮೋಟರಿನ ಮ್ಯಾಲಿನ ಪಟ್ಟಿ ಓದಾಕೂ ನನ್ನ ಕರೀತೀರಿ."

"ಅಂಕಿಗೆ ಯಾ ಇಂಗ್ಲಿಷ್ ಬೇಕ?" ಎಂದೆ.

ಅಂಕಿ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಕಸುಬಿನ ಜೀವ ಇರುವುದೇ ಅದರಲ್ಲಿ. ಯಾವ ಮೋಟರಿಗೆ ಎಷ್ಟನೇ ನಂಬರಿನ ತಂತಿ, ಒಂದು ಸುರುಳಿಗೆ ಎಷ್ಟು ಸುತ್ತು ಎಂಬುದು ಗೊತ್ತಿದ್ದರೆ ನೀನು ಮೇಸ್ತ್ರಿ, ಇಲ್ಲದಿದ್ದರೆ ಹಮಾಲ. ಆ ಲೆಕ್ಕವನ್ನು ಯಾವ ಮೇಸ್ತ್ರಿಯೂ ಇನ್ನೊಬ್ಬನಿಗೆ ಬಿಟ್ಟುಕೊಡುವುದಿಲ್ಲ. ನನಗೆ ಕೊಟ್ಟವರು ಹುಕ್ಕೇರಿಯ ನನ್ನ ಉಸ್ತಾದರು. ತೊಂಬತ್ತರ ದಶಕದಲ್ಲಿ ಐಟಿಐ ಮುಗಿಸಿ ಅವರ ಹತ್ತಿರ ಆರು ವರ್ಷ ಕೆಲಸ ಕಲಿತೆ. ಜೈನರು, ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಸ್ವಂತ ಅಂಗಡಿ ಹಾಕಲು ಹೊರಟಾಗ, ಸುತ್ತಿನ ಲೆಕ್ಕವೆಲ್ಲ ಬರೆದಿಟ್ಟ ತಮ್ಮ ವಹಿಯನ್ನು ನಕಲು ಮಾಡಿಕೊಳ್ಳಲು ಕೊಟ್ಟರು. ಕೊಡುವ ಮುಂಚೆ ಊಟದ ತಾಟಿನ ಮುಂದೆ ಕೂರಿಸಿ, "ಅನ್ನಾ ಮುಟ್ಟಿ ಆಣಿ ಮಾಡು. ಮತ್ತೊಬ್ಬಗ ತೋರಸೂದಿಲ್ಲ ಅನ್ನು" ಎಂದರು. ನಾನು ಅನ್ನ ಮುಟ್ಟಿ ಹೇಳಿದೆ.

ಆ ವಹಿಯನ್ನೇ ಬ್ಲಾಗಿಗೆ ಹಾಕಿದೆ. ಹೊಟ್ಟೆಪಾಡು ಎಂದು ನೆಪ ಹೇಳಬಹುದು. ಆದರೆ ಸುಳ್ಳು ಯಾಕೆ, ಆಸೆಯೂ ಇತ್ತು, ನಾಲ್ಕು ಜನರ ಮುಂದೆ ಶಾಣ್ಯಾ ಅನ್ನಿಸಿಕೊಳ್ಳುವ ಹುಚ್ಚೂ ಇತ್ತು. ಉಸ್ತಾದರು ಕಂಪ್ಯೂಟರ್ ಮುಟ್ಟಿದವರೇ ಅಲ್ಲ, ಅವರಿಗೆ ಹೇಗೆ ತಿಳಿಯಬೇಕು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ವಾರಕ್ಕೆರಡು ಸಲ ಬಸ್ಸು ಹತ್ತಿ ಗೋಕಾಕಕ್ಕೆ ಹೋಗಿ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೆ. ಅಂಕಿ ನನ್ನವು, ನಡುನಡುವಿನ ಇಂಗ್ಲಿಷು ಹೆಂಡತಿಯದು. ಅವಳು ಹಾಳೆಯ ಮೇಲೆ ಬರೆದು ಕೊಟ್ಟದ್ದನ್ನು ಅಕ್ಷರ ಬಿಡದೆ ಇಳಿಸುತ್ತಿದ್ದೆ.

ಮೊದಲ ಎರಡು ತಿಂಗಳು ಓದಿದವರು ನಾನು ಮತ್ತು ನೆಟ್ ಸೆಂಟರಿನ ಮಾಲೀಕ. ಆಮೇಲೆ ಎಲ್ಲೆಲ್ಲಿಂದಲೋ ಬರತೊಡಗಿದರು. ಪಂಜಾಬಿನವನೊಬ್ಬ, ತಮಿಳುನಾಡಿನವನೊಬ್ಬ, ಯಾವುದೋ ಹೆಸರು ಕೇಳದ ದೇಶದವನೊಬ್ಬ, ಎಲ್ಲರೂ ಕೆಳಗೆ "ಥ್ಯಾಂಕ್ಯೂ ಸರ್" ಎಂದು ಬರೆದರು. ಜನ್ಮದಲ್ಲಿ ನನ್ನನ್ನು ಯಾರೂ ಸರ್ ಎಂದಿರಲಿಲ್ಲ! ವಿಳಾಸ ಖರೆಯೋ ಸುಳ್ಳೋ ನೋಡಲು ಜಾಹೀರಾತಿನ ಕಂಪನಿಯವರು ಗುಪ್ತ ನಂಬರಿನ ಲಕೋಟೆ ಕಳಿಸಿದರು. ಅಂಚೆಯಣ್ಣ ಅದನ್ನು ತಿರುವಿ ತಿರುವಿ ನೋಡಿ, "ಏನ್ರಿ ಮೇಸ್ತ್ರಿ, ಪರದೇಶದ ಪತ್ರ? ಕಿಡ್ನಿ ಗಿಡ್ನಿ ಮಾರಿಲ್ಲಲ್ಲ?" ಎಂದ. ಕೊನೆಗೆ ಒಂದು ದಿನ ಚೆಕ್ಕೂ ಬಂತು. ಆ ಮಳೆಗಾಲ ನಾನು ಕಾರ್ಖಾನೆಗೆ ಹೋಗಲಿಲ್ಲ.

ಕಿರಿಕಿರಿ ಶುರುವಾದದ್ದು ಆಮೇಲೆ. "ಸರ್, ನೀವು ಹೇಳಿದಂತೆ ಸುತ್ತಿದೆ, ಮೋಟರು ಬಿಸಿಯಾಗುತ್ತಿದೆ" ಎಂದು ಆ ಪಂಜಾಬಿನವನೇ ಬರೆದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಮೊದಲು ನಿನ್ನ ಬೇರಿಂಗ್ ನೋಡಿಕೋ" ಎಂದು ಉತ್ತರ ಕೊಟ್ಟೆ. ಇನ್ನೊಬ್ಬನೂ ಅದನ್ನೇ ಬರೆದ. ಮತ್ತೊಬ್ಬ, ದೊಡ್ಡ ಮೋಟರಿನವನು, ಸುಟ್ಟೇ ಹೋಯಿತು ಎಂದ.

"ಮೂರ ಮಂದಿ ಹೇಳಾಕತ್ತಾರ್ರಿ, ಒಂದ ಸಲ ವಹಿ ತಗದ ನೋಡ್ರಿ" ಎಂದಳು ಹೆಂಡತಿ.

"ಕುಣಿಯಾಕ ಬರಲಾರದಾಕಿ ನೆಲಾ ಡೊಂಕ ಅಂದ್ಲಂತ. ಅವರಿಗೆ ಸುತ್ತಾಕ ಬರೂದಿಲ್ಲ, ನನಗ್ಯಾಕ ಹೇಳ್ತಿ?"

ನನ್ನ ಧೈರ್ಯಕ್ಕೆ ಕಾರಣವಿತ್ತು. ಅದೇ ಲೆಕ್ಕದಿಂದ ನಾನು ಸುತ್ತಿದ ಮೋಟರುಗಳು ಮಮದಾಪುರದಿಂದ ಕುಲಗೋಡದವರೆಗೆ ತಣ್ಣಗೆ ಓಡುತ್ತಿದ್ದವು.

ಹೀಗಿರುವಾಗ ಉಸ್ತಾದರ ಫೋನು ಬಂತು. ಕ್ಷೇಮ ಕೇಳಲಿಲ್ಲ, ಸಮಾಚಾರ ಕೇಳಲಿಲ್ಲ. "ನಾಳಿ ಬಾ. ವಹಿ ತಗೊಂಡ ಬಾ" ಎಂದು ಇಟ್ಟುಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಗತಿಯೂ ಅದೇ. ನಾನು ನಕಲು ಮಾಡಿಕೊಂಡ ವಹಿಯನ್ನು ಇಸಿದುಕೊಂಡು "ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದರೆ ಮುಗಿಯಿತು. ಬ್ಲಾಗು ಹೋಗುವುದು ಒಂದು ಕಡೆ. ನನ್ನ ತಂದೆ ತೀರಿದ ಮೇಲೆ ಬೈಯುವ ಹಕ್ಕಿದ್ದ ಒಬ್ಬನೇ ಮನುಷ್ಯ ಅವರು. ಅವರು ನನ್ನನ್ನು ಬಿಟ್ಟರೆ ನಾನು ಯಾರ ಶಿಷ್ಯ ಎಂದು ಹೇಳಿಕೊಳ್ಳಲಿ?

ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟುವವರೆಗೆ ಏನೇನು ಸುಳ್ಳು ಹೇಳಬಹುದೆಂದು ಲೆಕ್ಕ ಹಾಕಿದೆ. ಒಂದೂ ಸರಿಹೋಗಲಿಲ್ಲ. ಉಸ್ತಾದರು ಅಂಗಡಿಯಲ್ಲಿ ಗೋಣಿತಟ್ಟಿನ ಮೇಲೆ ಕೂತಿದ್ದರು. ಮುಂದೆ ನನ್ನ ಬ್ಲಾಗಿನ ಪುಟಗಳು, ಕಾಗದದ ಮೇಲೆ ಅಚ್ಚಾದವು. ಸಂಕೇಶ್ವರದ ಮೇಸ್ತ್ರಿಯೊಬ್ಬ ಎಲ್ಲೋ ತೆಗೆಸಿಕೊಂಡು ಬಂದು, "ಇದು ನಿಮ್ಮ ಲೆಕ್ಕ ಇದ್ದಂಗ ಐತ್ರಿ" ಎಂದು ಇವರಿಗೆ ತೋರಿಸಿದ್ದನಂತೆ.

"ಇದು ಯಾರದು?" ಎಂದರು.

"ನಂದ್ರಿ" ಎಂದೆ. "ತಪ್ಪಾತ್ರಿ. ಆಣಿ ಮುರದೇನ್ರಿ."

ಅವರು ಒಂದು ಮೋಟರಿನ ಲೆಕ್ಕದ ಮೇಲೆ ಬೆರಳಿಟ್ಟು, "ಎಷ್ಟ ಸುತ್ತ ಬರದಿ?" ಎಂದರು.

"ಹದಿನಾಕ್ರಿ. ವಹಿಯಾಗ ಹಂಗ ಐತ್ರಿ."

ತಂತಿ ಸುತ್ತುವ ಕಟ್ಟಿಗೆಯ ಅಚ್ಚನ್ನು ನನ್ನ ಕಡೆ ನೂಕಿದರು. "ಸುತ್ತು. ಬಾಯಿ ಬಿಟ್ಟ ಎಣಸು."

ಸುತ್ತಿದೆ. "ಲಾಭ, ಒಂದು, ಎರಡು, ಮೂರು..." ಹದಿನಾಲ್ಕಕ್ಕೆ ನಿಲ್ಲಿಸಿದೆ.

"ಈಗ ಬಿಚ್ಚಿ ಒಂದರಿಂದ ಎಣಸು."

ಬಿಚ್ಚಿದೆ. ಹದಿನೈದು! ಇನ್ನೊಮ್ಮೆ ಸುತ್ತಿ ಬಿಚ್ಚಿದೆ, ಮತ್ತೆ ಹದಿನೈದು. ಉಸ್ತಾದರು ನನ್ನ ತಲೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದರು.

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಅಲ್ಲಿಂದ ಎರಡು, ಮೂರು ಎಂದು ನಡೆಯುತ್ತದೆ. ಉಸ್ತಾದರದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಮೊದಲ ಸುತ್ತು ದೇವರದು, ಅದು ಲಾಭ. ಒಂದು ಎನ್ನುವುದು ಅದರ ಮುಂದಿನ ಸುತ್ತಿಗೆ. ವಹಿಯಲ್ಲಿ ಪ್ರತಿ ಅಂಕಿಯ ಹಿಂದೆ 'ಲಾ' ಎಂದು ಬರೆದಿದ್ದರು. ಅದನ್ನು ನಾನು 'ಶ್ರೀ' ಬರೆದಹಾಗೆ ಶುಭಕ್ಕೆಂದು ತಿಳಿದು ಬ್ಲಾಗಿನಲ್ಲಿ ಬಿಟ್ಟುಬಿಟ್ಟಿದ್ದೆ. ಆರು ವರ್ಷ ಅವರ ಜೊತೆ ಎಣಿಸಿದ ಬಾಯಿ ಮಾತ್ರ ತನ್ನಷ್ಟಕ್ಕೆ ಲಾಭ ಎನ್ನುತ್ತಲೇ ಇತ್ತು, ನನ್ನ ಮೋಟರುಗಳು ತಣ್ಣಗೆ ಓಡುತ್ತಲೇ ಇದ್ದವು. ಪಾಪ, ಪಂಜಾಬಿನವನಿಗೆ ಲಾಭ ಯಾರು ಹೇಳಿಕೊಡಬೇಕು? ಅವನು ಹದಿನಾಲ್ಕೇ ಸುತ್ತಿದ. ಒಂದು ಸುತ್ತು ಕಡಿಮೆಯಾದರೆ ಮೋಟರು ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಅಂಥವನಿಗೆ ನಾನು ಬೇರಿಂಗ್ ನೋಡಿಕೋ ಎಂದಿದ್ದೆ!

"ಆಣಿ ಯಾಕ ಮಾಡಸಿದ್ದೆ ಗೊತ್ತೈತೇನಲೇ?" ಎಂದರು ಉಸ್ತಾದರು. "ನಂದು ಕದೀತಾರಂತಲ್ಲ. ಅರ್ಧಾ ತಿಳಕೊಂಡಾಂವ ಮಂದಿ ಮೋಟರ್ ಸುಡ್ತಾನಂತ. ಸುಟ್ಟಿ ನೋಡು. ಅದರಾಗ ತಿದ್ದಾಕ ಬರ್ತೈತೋ, ಬರದದ್ದ ಬರದ್ಹಂಗೋ?"

"ತಿದ್ದಾಕ ಬರ್ತೈತ್ರಿ."

"ಹಂಗಾರ ಯಾಕ ಅಳಾಕತ್ತಿ? ಪೆನ್ನ ತಗಿ."

ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಅವರು ಹೇಳಿದ ಮೇಲೆ. ಎಷ್ಟು ಹಗುರವಾಯಿತೆಂದರೆ, ಎದೆಯ ಮೇಲಿನಿಂದ ಯಾರೋ ಹತ್ತು ಎಚ್‌ಪಿ ಮೋಟರು ಎತ್ತಿ ಬದಿಗಿಟ್ಟಂತೆ. ಬಾಗಿಲು ತೋರಿಸಲಿಲ್ಲ, ವಹಿ ಇಸಿದುಕೊಳ್ಳಲಿಲ್ಲ. ಬೈದರು, ತಲೆಗೆ ಕುಟ್ಟಿದರು. ಅಂದರೆ ನಾನಿನ್ನೂ ಅವರವನೇ. ಇಡೀ ಮಧ್ಯಾಹ್ನ ಇಬ್ಬರೂ ಕೂತು ಒಂದೊಂದೇ ಲೆಕ್ಕ ತಿದ್ದಿದೆವು. ನೆಟ್ ಸೆಂಟರಿಗೆ ಹೋದ ಕೂಡಲೇ ಮೋಟರು ಸುಟ್ಟುಕೊಂಡವನಿಗೆ ಮೊದಲು ತಪ್ಪಾಯಿತೆಂದು ಬರೆಯಬೇಕು ಎಂದು ಮಾತು ತೆಗೆದುಕೊಂಡರು. ಒಳಗಿನಿಂದ ಅವರ ಹೆಂಡತಿ, "ಹೊತ್ತ ಮುಳಗಾಕ ಬಂತು, ಊಟಕ್ಕ ಏಳ್ರಿ" ಎಂದು ಮೂರು ಸಲ ಕೂಗಿದರು. ಕತ್ತಲಾದ ಮೇಲೆ ತುತ್ತು ಮುಟ್ಟದ ಮನುಷ್ಯ, ಆದರೂ ಏಳಲಿಲ್ಲ.

"ದಿನಾ ಎಷ್ಟ ಮಂದಿ ನೋಡ್ತಾರ ಇದನ್ನ?"

"ಇನ್ನೂರ, ಮುನ್ನೂರ ಮಂದಿ ಇರಬೇಕ್ರಿ."

ಅವರು ಪೆನ್ನು ಕೆಳಗಿಟ್ಟರು. "ನನ್ನ ವಹಿ ಇಷ್ಟ ವರ್ಷದಾಗ ಓದಿದಾಂವ ನೀ ಒಬ್ಬನ" ಎಂದರು. ಆಮೇಲೆ ಎದ್ದು ಟ್ರಂಕಿನಿಂದ ನಾನು ಎಂದೂ ಕಾಣದ ಇನ್ನೆರಡು ವಹಿ ತೆಗೆದು ನನ್ನ ತೊಡೆಯ ಮೇಲಿಟ್ಟರು. "ಎಲ್ಲಾ ಬರಿ. ಲಾಭ ಸೇರಿಸಿ ಬರಿ." ಇಷ್ಟು ಹೇಳಿದವರು ಹೋಗದೆ ಅಲ್ಲೇ ನಿಂತರು. ಬಿಚ್ಚಿದ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದರು.

"ಅದರಾಗ ಹೆಸರ ಬರಿಯಾಕ ಬರ್ತೈತೇನು?"

"ಯಾರ ಹೆಸರ್ರಿ?"

"ನಂದು."