ಅಂಗೈ ತೆರೆಸಲು ಬಂದವರು

ಕಾರ್ತಿಕದ ಎರಡನೇ ಭಾನುವಾರ, ಬೆಳಿಗ್ಗೆ ಆರೂ ನಲವತ್ತು. ಈ ಪತ್ರಿಕೆಗೆ ಬರೆಯಲು ಕುಳಿತಿದ್ದೇನೆ.

ನ್ಯಾಮತಿಯ ನಮ್ಮ ಮನೆಯ ಮುಂದೆ, ಅರ್ಧ ರಸ್ತೆಯ ಮೇಲೆ, ಎದುರು ಮನೆಯವರು ಮೆಕ್ಕೆಜೋಳ ಹರವಿದ್ದಾರೆ. ಇಬ್ಬನಿಗೆ ನೆನೆದ ಕಾಳಿನ ಮೇಲೆ ಬಿಸಿಲು ಬಿದ್ದಾಗ ಒಂದು ವಾಸನೆ ಏಳುತ್ತದೆ. ಹಸಿ ಹಿಟ್ಟು, ಧೂಳು, ಗೋಣಿಚೀಲ ಎಲ್ಲ ಸೇರಿದ ವಾಸನೆ. ಕಿಟಕಿಯಿಂದ ಅದು ಒಳಗೆ ಬಂತು. ಹಿಂದೆಯೇ ಅವರೂ ಬಂದಂತಾಯಿತು... ಕಂಕುಳಲ್ಲಿ ಪ್ಲಾಸ್ಟಿಕ್ ಟಬ್ಬು ಇಟ್ಟುಕೊಂಡು, ಚಪ್ಪಲಿ ಬಿಡುವ ಮೊದಲೇ "ಎಲ್ಲೈತ್ರಿ ನಮ್ಮ ಕೈ?" ಎಂದು ಕೂಗುತ್ತಾ.

ಮನೆಯಲ್ಲಿ ನಾವು ಅವರನ್ನು ಕೈ ಮೇಡಂ ಎನ್ನುತ್ತಿದ್ದೆವು. ಜಗಳೂರು ಕಡೆಯವರು. ಮಿದುಳಿಗೆ ಪೆಟ್ಟು ಬಿದ್ದವರಿಗೆ ಉಣ್ಣುವುದು, ಉಡುವುದು, ತಲೆ ಬಾಚುವುದು, ಇಂಥ ದಿನದ ಕೆಲಸಗಳಿಂದಲೇ ಚಿಕಿತ್ಸೆ ಕೊಡುವ ಥೆರಪಿ ಓದಿದವರು. ಚನ್ನಗಿರಿ, ಹೊನ್ನಾಳಿ ಮುಗಿಸಿಕೊಂಡು ಗುರುವಾರ ನಮ್ಮೂರಿಗೆ ಬರುತ್ತಿದ್ದರು. ಟಬ್ಬಿನ ತುಂಬ ಮೆಕ್ಕೆಜೋಳದ ಕಾಳು. ಅದರೊಳಗೆ ಅವ್ವನ ಎಡಗೈ ಹುಗಿದು, ಅಡಗಿಸಿಟ್ಟ ಗುಂಡಿಯನ್ನೋ ಬೀಗದ ಕೈಯನ್ನೋ ಹುಡುಕಿಸುತ್ತಿದ್ದರು.

ಅವ್ವ ಬೈಕಿನಿಂದ ಬಿದ್ದದ್ದು ಸೂಳೆಕೆರೆಯ ಏರಿಯ ಹತ್ತಿರ. ಓಡಿಸುತ್ತಿದ್ದವನು ಅಪ್ಪ. ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು. ಅಪ್ಪನಿಗೆ ಒಂದು ತರಚುಗಾಯವೂ ಆಗಲಿಲ್ಲ. ದಾವಣಗೆರೆಯಲ್ಲಿ ತಲೆಯ ಆಪರೇಷನ್ ಆಗಿ ಅವ್ವ ಮನೆಗೆ ಬಂದಾಗ ಮಾತು ಸರಿಯಿತ್ತು, ನಡಿಗೆಯೂ ನಿಧಾನಕ್ಕೆ ಬಂತು. ಎಡಗೈ ಮಾತ್ರ ಜೋತುಬಿದ್ದಿತ್ತು. ಅದಕ್ಕಿಂತ ವಿಚಿತ್ರವೆಂದರೆ, ತನಗೊಂದು ಎಡಗಡೆ ಇದೆ ಎನ್ನುವುದನ್ನೇ ಅವಳು ಮರೆತಿದ್ದಳು. ಕುಪ್ಪಸದ ಒಂದೇ ತೋಳಿಗೆ ಕೈ ತೂರಿಸಿ ಹೊರಗೆ ಬರುತ್ತಿದ್ದಳು. ತಟ್ಟೆಯಲ್ಲಿ ಬಲಗಡೆಯ ಅರ್ಧ ರೊಟ್ಟಿ ತಿಂದು "ಇನ್ನೊಂದು ಹಾಕು" ಎನ್ನುತ್ತಿದ್ದಳು. ಉಳಿದರ್ಧ ಅಲ್ಲೇ ಇರುತ್ತಿತ್ತು.

ಅಪ್ಪ ಸುಮ್ಮನೆ ತಟ್ಟೆ ತಿರುಗಿಸುತ್ತಿದ್ದ. ಕೈ ಮೇಡಂ ಮೊದಲ ದಿನವೇ ಅವನ ಕೈ ಹಿಡಿದು ನಿಲ್ಲಿಸಿದರು.

"ತಿರುಗಿಸಬ್ಯಾಡ್ರಿ. ಅವರೇ ಹುಡುಕಲಿ."

"ಹಸ್ಕೊಂಡಿರ್ತಾಳೆ ಮೇಡಂ."

"ಹಸಿದ್ರೇನೇ ಹುಡುಕೋದು. ಕಾಲುವೆ ಒಂದು ಕಡೆ ಒಡೆದ್ರೆ ಏನ್ ಮಾಡ್ತೀರಿ? ಬ್ಯಾರೆ ಕಡೆಯಿಂದ ನೀರು ತಿರುವಲ್ವಾ? ಮಿದುಳೂ ಹಂಗೇರಿ. ಹಾಯಿಸ್ತಾನೇ ಇರಬೇಕು, ಬಿಟ್ರೆ ಹೂಳು ತುಂಬ್ತೈತೆ." ಆಮೇಲೆ ನಕ್ಕು, "ನಮ್ಮ ಜಗಳೂರಾಗೆ ಕಾಲುವೆ ಎಲ್ಲೈತ್ರಿ? ನಿಮ್ಮ ಕಡೆಯವರಿಗೆ ಅರ್ಥ ಆಗ್ಲಿ ಅಂತ ಹೇಳಿದೆ" ಎಂದರು.

ಅಪ್ಪ ಹೂಂ ಎಂದ. ಅವರು ಹೋದ ಮೇಲೆ ತಟ್ಟೆ ತಿರುಗಿಸಿದ.

ಮೊದಲ ವಾರಗಳು ವ್ಯರ್ಥವಾದವು. ಬಟ್ಟೆ ಕ್ಲಿಪ್ಪು ಹಾಕು, ಮಣಿ ಪೋಣಿಸು ಎಂದರೆ ಅವ್ವ ಮುಖ ತಿರುಗಿಸುತ್ತಿದ್ದಳು. "ನಾನೇನ್ ಅಂಗನವಾಡಿ ಕೂಸೇನ್ರಿ?" ಎಂದು ಒಂದು ದಿನ ಬೈದಳು. ಮೇಡಂ ಸಿಟ್ಟಾಗಲಿಲ್ಲ. ಮಣಿಗಳನ್ನು ಚೀಲಕ್ಕೆ ತುಂಬಿ ಕೇಳಿದರು: "ಸರಿ, ನೀವೇ ಹೇಳ್ರಿ. ಬೀಳಾಕೆ ಮುಂಚೆ ಈ ಕೈ ದಿನಾ ಏನ್ ಮಾಡ್ತಿತ್ತು?"

ಅವ್ವ ಕೊರಳಲ್ಲಿ ತೂಗುತ್ತಿದ್ದ, ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಬಲಗೈಯಿಂದ ಮುಟ್ಟಿದಳು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಬಲಗೈಯಿಂದ ಪೂಜೆ ಮಾಡುತ್ತಾರೆ. ಲಿಂಗ ಕಟ್ಟಿಸಿಕೊಂಡ ಬಾಲ್ಯದಿಂದ ಒಂದು ದಿನವೂ ತಪ್ಪಿಸದವಳು ಅವ್ವ. ಬಿದ್ದ ಮೇಲೆ ಅವಳ ಲಿಂಗವನ್ನು ಅಪ್ಪ ತನ್ನ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದ. ಅವಳು ಪಕ್ಕದಲ್ಲಿ ಕುಳಿತು ಪತ್ರೆ ಏರಿಸುತ್ತಿದ್ದಳು.

"ಗಂಡನ ಕೈ ಮ್ಯಾಲೆ ಇಟ್ಟಿದ್ದು ನನ್ನ ಪೂಜೆ ಹೆಂಗಾಗ್ತೈತ್ರಿ?" ಎಂದಳು ಅವ್ವ. ಅಪ್ಪ ಅಲ್ಲೇ ಇದ್ದ. ಎದ್ದು ಹೊರಗೆ ಹೋದ.

ಮೇಡಂ ಅಂದಿನಿಂದ ಬೇರೆ ಎಲ್ಲ ಬಿಟ್ಟರು. "ನಿಮ್ಮದನ್ನ ನಾನು ಮುಟ್ಟಲ್ಲ. ಎಷ್ಟು ದಪ್ಪ ಐತೆ, ಅಷ್ಟು ಹೇಳ್ರಿ ಸಾಕು." ದೊಡ್ಡ ನೆಲ್ಲಿಕಾಯಿಯಷ್ಟು ಎಂದಳು ಅವ್ವ. ನಾನು ಗೋಧಿ ಹಿಟ್ಟು ಕಲಸಿ ಅಷ್ಟು ದಪ್ಪದ ಉಂಡೆ ಮಾಡಿಕೊಟ್ಟೆ. ಮೊಣಕೈ ಕೆಳಗೆ ದಿಂಬು, ಅಂಗೈ ಮೇಲ್ಮುಖ, ಕಣ್ಣು ಅದರ ಮೇಲೆ. ಮರೆತ ಎಡಗಡೆಗೆ ಅವ್ವ ಮೊದಲ ಬಾರಿ ತಾನಾಗಿ ತಿರುಗಿ ನೋಡಿದ್ದು ಹೀಗೆ. ದಿನಚರಿಯಲ್ಲಿ ನಾನು ಉಂಡೆ ಬಿದ್ದರೆ ಸೊನ್ನೆ, ನಿಂತರೆ ಗೀಟು ಹಾಕುತ್ತಿದ್ದೆ. ಮೊದಲ ಪುಟಗಳು ಬರೀ ಸೊನ್ನೆ. ಆಮೇಲೆ ಸೊನ್ನೆಗಳ ನಡುವೆ ಗೀಟು ಮೂಡಿದವು. ಕೊನೆಯ ವಾರ ಗೀಟುಗಳೇ ಹೆಚ್ಚು. "ಬರೋ ಗುರುವಾರ ನಿಮ್ಮದನ್ನೇ ಇಟ್ಕೊಳ್ರಿ, ಕೆಳಗೆ ನಿಮ್ಮ ಮಗಳು ಸೆರಗು ಒಡ್ಡಲಿ" ಎಂದು ಹೇಳಿ ಹೋದರು. ಆ ವಾರವೆಲ್ಲ ಅವ್ವ ಹಾಡು ಗುನುಗುತ್ತಿದ್ದಳು...

ಆ ಗುರುವಾರ, ಮೇಡಂ ಬಂದ ಸ್ವಲ್ಪ ಹೊತ್ತಿಗೇ ಚನ್ನಗಿರಿಯಿಂದ ದೊಡ್ಡಪ್ಪ ಬಂದರು. ರೋಗಿ ನೋಡಲು ಬರುವವರು ತರುವಂತೆ ಸೇಬಿನ ಚೀಲ ತಂದಿದ್ದರು. ಮೇಡಂ ಮೊದಲು ಉಂಡೆಯಿಂದ ಕೈ ಪಳಗಿಸುತ್ತಿದ್ದರು. ಅವ್ವನ ಹಣೆಯಲ್ಲಿ ವಿಭೂತಿ. ದೊಡ್ಡಪ್ಪನನ್ನು ಕಂಡು ಅವಳು ಗಾಬರಿಯಿಂದ ಬಲಗೈಯಲ್ಲಿ ಸೆರಗು ಎಳೆದುಕೊಳ್ಳಹೋದಳು, ಉಂಡೆ ನೆಲಕ್ಕೆ ಬಿತ್ತು.

"ಇದೇನಮ್ಮಾ ಇದು? ಹಿಟ್ಟಿನುಂಡೆ ಇಟ್ಟು ಪೂಜೆ ಆಟ ಆಡ್ಸಾಕೆ ಕುಂತಿದೀಯಾ?"

"ಆಟ ಅಲ್ರಿ ಯಜಮಾನ್ರೇ. ಇವತ್ತು ಇವರು..."

"ನಿಮ್ಮ ಮನೇಲಿ ಲಿಂಗ ಕಟ್ತಾರೇನು?"

ಮೇಡಂ ಬಿದ್ದ ಉಂಡೆ ಎತ್ತಿಕೊಂಡರು. "ಇಲ್ರಿ."

"ಅದಕ್ಕೇ."

"ಭಾವಾರೇ, ನನಗೆ ಹಿಡಿಯಾಕೆ ಬರ್ತೈತೆ" ಎಂದಳು ಅವ್ವ. ಗೀಟುಗಳನ್ನು ತೋರಿಸಲು ನಾನು ದಿನಚರಿ ತಂದೆ. "ನೀನು ಒಳಗೋಗಿ ಚಾ ಇಡು" ಎಂದರು ದೊಡ್ಡಪ್ಪ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು: "ಅವಳನ್ನ ಬೈಕಿಂದ ಕೆಡವಿದೆ. ಈಗ ಅವಳ ಕೈಯಿಂದ ಲಿಂಗಾನೂ ಕೆಡವಿಸ್ತೀಯೇನೋ?"

ಲಿಂಗ ಕೈಜಾರಿ ಬಿದ್ದರೆ ನಮ್ಮವರಿಗೆ ಅದು ಎಂಥ ಅಪಚಾರ ಎಂದು ಹೇಳಬೇಕಾಗಿಲ್ಲ. ಆದರೆ ಅಪ್ಪ ಹೆದರಿದ್ದು ಅದಕ್ಕಲ್ಲ. ಮೊದಲ ಮಾತಿಗೆ. ಗೋಡೆ ನೋಡುತ್ತಾ, "ಮುಂದಿನ ವಾರದಿಂದ ಬ್ಯಾಡ ಮೇಡಂ" ಎಂದ.

ಮೇಡಂ ಬಗ್ಗಿ ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸವರಿ, "ಸುಮ್ಮನೆ ಇಡಬ್ಯಾಡ್ರಿ ಅಕ್ಕಾ. ಮುಚ್ಕೊಂಡುಬಿಡ್ತೈತೆ" ಎಂದರು. ಜೋಳದ ಟಬ್ಬನ್ನು ಬಿಟ್ಟು ಹೋದರು. ದೊಡ್ಡಪ್ಪ ಅದನ್ನು ಎದುರು ಮನೆಯ ಕೋಳಿಗಳಿಗೆ ಸುರಿಸಿದರು.

ಅಂಗೈ ಮುಚ್ಚಿಕೊಳ್ಳಲು ವರ್ಷವೂ ಹಿಡಿಯಲಿಲ್ಲ. ಮೊದಲು ಕಿರುಬೆರಳು, ಆಮೇಲೆ ಉಳಿದವು. ಈಗ ಅದೊಂದು ಮುಷ್ಟಿ. ಉಗುರು ಅಂಗೈಗೆ ಚುಚ್ಚುತ್ತದೆ. ಅಪ್ಪ ದಿನಾ ಬಿಸಿನೀರಿನಲ್ಲಿ ಅದ್ದಿ, ಸಂದಿಯಲ್ಲಿ ಬಟ್ಟೆ ತೂರಿಸಿ ಒರೆಸುತ್ತಾನೆ. ತುತ್ತು ಮಾಡಿ ಉಣಿಸುತ್ತಾನೆ. ಬಂದ ನೆಂಟರೆಲ್ಲ "ಇಂಥ ಗಂಡ ಯಾರಿಗೆ ಸಿಗ್ತಾನೆ" ಎಂದು ಹೊಗಳುತ್ತಾರೆ. ಸೇಬು ತಿಂದು ಹೋಗುತ್ತಾರೆ. ದೊಡ್ಡಪ್ಪ ಬಂದಾಗಲೆಲ್ಲ "ಎಲ್ಲಾ ಶಿವನಿಚ್ಛೆ" ಎನ್ನುತ್ತಾರೆ. ಶಿವನ ಹೆಸರಿಗೆ ಇನ್ನೂ ಏನೇನು ಕಟ್ಟುತ್ತಾರೋ!

ಹೋದ ವರ್ಷ ದಾವಣಗೆರೆಯ ಡಾಕ್ಟರು ಮುಷ್ಟಿ ನೋಡಿ, "ಥೆರಪಿಯವರಿಗೆ ಮೊದಲೇ ತೋರಿಸಬೇಕಿತ್ತು" ಎಂದರು. ತೋರಿಸಿದ್ದೆವು ಎಂದೆ.

ಆಮೇಲೆ ಮೇಡಂ ಅವರನ್ನು ಹುಡುಕಿದೆ. ಅವರ ವಾರದ ಭೇಟಿಗಳು ಯಾವಾಗಲೋ ನಿಂತಿವೆಯಂತೆ. ಹೊನ್ನಾಳಿಯವರು ಮದುವೆಯಾಗಿ ಹೋದರು ಎಂದರು, ಜಗಳೂರಿನವರು ಆ ಕೆಲಸವನ್ನೇ ಬಿಟ್ಟರು ಎಂದರು. ಎರಡನ್ನೂ ಬರೆದಿಟ್ಟಿದ್ದೇನೆ, ಯಾವುದನ್ನೂ ನಂಬಿಲ್ಲ.

ಈಗ ಗಂಟೆ ಎಂಟು. ಒಳಗೆ ಪೂಜೆಯ ಹೊತ್ತು. ಅಪ್ಪನ ಅಂಗೈ ಮೇಲೆ ಅವ್ವನ ಲಿಂಗ ಇದೆ. ಅವ್ವ ಪತ್ರೆ ಏರಿಸುವುದನ್ನೂ ಬಿಟ್ಟಿದ್ದಾಳೆ, ಗೋಡೆಗೆ ಒರಗಿ ಕೂರುತ್ತಾಳೆ. ಎಡಗೈಯನ್ನು ಈಗ ನನ್ನ ಕೈ ಎನ್ನುವುದಿಲ್ಲ. "ಅದನ್ನ ಒರೆಸು" ಎನ್ನುತ್ತಾಳೆ.

ಟಬ್ಬು ಹೊತ್ತು ಬಸ್ಸು ಹತ್ತುತ್ತಿದ್ದ ಆ ಹೆಂಗಸನ್ನು ಈ ನಾಲ್ಕೂರುಗಳಲ್ಲಿ ಬಲ್ಲವರು ಯಾರಾದರೂ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಇಷ್ಟು ಬಿಗಿದ ಮುಷ್ಟಿ ಮತ್ತೆ ತೆರೆಯುತ್ತದೆಯೇ ಎಂದು ಅವರನ್ನು ಕೇಳಬೇಕು. ಇಲ್ಲ ಎಂದೇ ಅವರು ಹೇಳಬಹುದು. ಆ ಮಾತನ್ನು ಅವರ ಬಾಯಿಂದಲೇ ಕೇಳುತ್ತೇನೆ. ನಮ್ಮವರ ಬಾಯಿಂದ ಕೇಳಿ ಸಾಕಾಗಿದೆ.