ಹೊರಸಿನ ಮೇಲೆ ಒಣಗಿದ ನೂಡಲ್ಸ್

ನನ್ನ ಅಡುಗೆಯ ಬಗ್ಗೆ ನನಗೆ ಸಂಶಯವಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಂಬ ಅನ್ನಬೇಡಿ. ಚಿತ್ತಾಪುರದಿಂದ ಶಹಾಬಾದಿಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷವಾಯಿತು. ಈ ಮನೆಯಲ್ಲಿ ನಾನು ಬಡಿಸಿದ ತಾಟು ತುಂಬಿದ್ದು ತುಂಬಿದಂತೆಯೇ ಅಡುಗೆಮನೆಗೆ ವಾಪಸು ಬಂದದ್ದಿಲ್ಲ. ಹೋದ ಬೇಸಿಗೆಯಲ್ಲಿ ಮಾತ್ರ ಐದು ದಿನ ಹಾಗೆ ಬಂತು. ಅದು ನಮ್ಮ ಅತ್ತೆಯ ತಾಟು.

ಅತ್ತೆಯ ಬಾಯಲ್ಲಿ ಉಳಿದಿದ್ದವು ಮುಂದಿನ ಏಳೇ ಹಲ್ಲು. ಅವೂ ಅಲುಗಾಡತೊಡಗಿದಾಗ ಕಲಬುರಗಿಯ ಡಾಕ್ಟರು ಎಲ್ಲವನ್ನೂ ಕಿತ್ತರು. ಒಸಡು ಗಟ್ಟಿಯಾದ ಮೇಲೆ ಹಲ್ಲಿನ ಸೆಟ್ಟು ಕೂರಿಸೋಣ, ಎರಡು ತಿಂಗಳು ಬೇಕು, ಅಲ್ಲಿಯವರೆಗೆ ಮೆತ್ತಗಿನದು ತಣ್ಣಗಿನದು ಏನಾದರೂ ತಿನ್ನಲಿ ಎಂದರು. ನಾನು ಏನು ಮಾಡಲಿಲ್ಲ ಹೇಳಿ! ಅನ್ನ ಕಿವುಚಿ ಮೊಸರು ಕಲಸಿದೆ. ಜೋಳದ ಅಂಬಲಿ ಆರಿಸಿ ಕೊಟ್ಟೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬೆಣ್ಣೆಯಂತೆ ಮಾಡಿದೆ. ಅತ್ತೆ ಒಂದು ಲೋಟ ಮಜ್ಜಿಗೆ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಐದನೆಯ ದಿನ ಎದ್ದು ನಿಂತಾಗ ತಲೆ ತಿರುಗಿ ಬಾಗಿಲು ಹಿಡಿದುಕೊಂಡರು. ಡಾಕ್ಟರಿಗೆ ಫೋನ್ ಮಾಡಿದರೆ, ಗಾಯ ಮಾಗುತ್ತ ಬಂದಿದೆಯಲ್ಲ, ಇನ್ನೆರಡು ದಿನ ನೋಡಿ, ಉಣ್ಣದಿದ್ದರೆ ಕರೆದುಕೊಂಡು ಬನ್ನಿ, ಸಲೈನ್ ಹಚ್ಚಬೇಕಾಗುತ್ತದೆ ಎಂದರು.

ನೋವಿನಿಂದ ಉಪವಾಸ ಇದ್ದಿದ್ದರೆ ಗುಳಿಗೆ ಕೊಡಬಹುದಿತ್ತು. ಅತ್ತೆಯದು ನಾಚಿಕೆ. ಎದುರು ಮನೆಯ ಅಜ್ಜಿಗೆ ಹಲ್ಲು ಹೋಗಿ ಹತ್ತು ವರ್ಷವಾಗಿದೆ. ಅಂದಿನಿಂದ ನಮ್ಮ ಅತ್ತೆ ತಮ್ಮ ಆ ಜೀವದ ಗೆಳತಿಯನ್ನು ಕರೆಯುತ್ತಿದ್ದದ್ದೇ 'ಬೊಚ್ಚಿ' ಎಂದು. "ಏ ಬೊಚ್ಚಿ, ಕಬ್ಬು ತಿಂತಿಯೇನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿ, ತಮ್ಮ ಏಳು ಹಲ್ಲು ಕಿಸಿದು ನಗುತ್ತಿದ್ದರು. ಈಗ ತಮ್ಮದೇ ಬಾಯಿ ಬೋಳಾಗಿದೆ. ಮಗನೆದುರು, ನನ್ನೆದುರು ಕೂಡ ಸೆರಗು ಬಾಯಿಂದ ಇಳಿಸುತ್ತಿರಲಿಲ್ಲ. ಗೆಳತಿ ದಿನಾ ಬಾಗಿಲಿಗೆ ಬಂದರೂ, ಮಲಗಿದ್ದಾರೆ ಎಂದು ಹೇಳಿ ಕಳಿಸುವ ಕೆಲಸ ನನ್ನದು. ಮೇಷ್ಟ್ರಗಿರಿ ಮಾಡುವ ನಾನು ದಿನಕ್ಕೊಂದು ಸುಳ್ಳು ಹೇಳುತ್ತಿದ್ದೆ.

ಅದೇ ಐದನೆಯ ದಿನ. ಶಾಲೆಗೆ ರಜೆ, ಗಂಡ ಪಕ್ಕದ ವಾಡಿಗೆ ಡ್ಯೂಟಿಗೆ ಹೋಗಿದ್ದರು. ಫೋನಿನ ವಿಡಿಯೊದಲ್ಲಿ ಯಾರೋ ಚೀನಾ ಕಡೆಯ ತಣ್ಣನೆಯ ನೂಡಲ್ಸ್ ಮಾಡುವುದನ್ನು ತೋರಿಸುತ್ತಿದ್ದರು. ಕುದಿಸು, ಐಸ್ ನೀರಲ್ಲಿ ತೊಳೆ, ಶೇಂಗಾ ಅರೆದು ಸೋಯಾ ಸಾಸ್ ಸೇರಿಸಿ ಕಲಸು, ಸೌತೆಕಾಯಿ ಹಾಕು, ಮುಗಿಯಿತು. ಮೆತ್ತಗಿದೆ, ತಣ್ಣಗಿದೆ, ಅಗಿಯುವ ಕೆಲಸವಿಲ್ಲ. ಶೇಂಗಾ ಅಂತೂ ನಮ್ಮದೇ. ಇದು ಕೈಕೊಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಬಜಾರಿಗೆ ಹೋಗಿ ಸಣ್ಣ ಎಳೆಯ ನೂಡಲ್ಸ್ ದೊಡ್ಡ ಪ್ಯಾಕೆಟ್ಟು ತಂದೆ. ಅಂಗಡಿಯಲ್ಲಿ ಇದ್ದದ್ದೇ ಅದೊಂದು.

ಪೂರ್ತಿ ಪ್ಯಾಕೆಟ್ಟು ಕುದಿಸಿ, ಐಸ್ ನೀರಲ್ಲಿ ಎರಡು ಸಲ ತೊಳೆದು, ತೂತಿನ ಬುಟ್ಟಿಯಲ್ಲಿ ಬಸಿಯಲು ಇಟ್ಟಿದ್ದೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಎದುರು ಮನೆಯ ಅಜ್ಜಿಯೇ.

"ಯಾಕವ್ವಾ, ಐದ್ ದಿನ ಆಯ್ತು, ಇನ್ನಾ ಮಕ್ಕೊಂಡೇ ಇದ್ದಾಳೇನು?"

"ಹೌದ್ರಿ ಅಜ್ಜಿ, ಈಗರೇ ಕಣ್ಣು ಹತ್ಯಾವ."

"ಶಾವಿಗಿ ಮಣಿ ನಮ್ಮನ್ಯಾಗೇ ಬಿದ್ದದ. ಮಳಿ ಬಂದ ಮ್ಯಾಲ ಮಾಡ್ತಾಳೇನು ಕೇಳು ಅಕಿಗಿ," ಎಂದು ಅಜ್ಜಿ ಸಿಟ್ಟಿನಿಂದ ತಿರುಗಿ ಹೋದರು.

ಆ ಸಿಟ್ಟಿಗೆ ಅರ್ಥವಿತ್ತು. ಪ್ರತಿ ಬೇಸಿಗೆ ಇಬ್ಬರೂ ಸೇರಿಯೇ ಶಾವಿಗೆ ಮಾಡುವುದು. ಅಜ್ಜಿ ಮಣೆಯ ಮೇಲೆ ಕುಳಿತು ಹಿಟ್ಟು ಹೊಸೆಯುವುದು, ಅತ್ತೆ ಇಳಿದು ಬರುವ ಎಳೆ ಹಿಡಿದು ಮಾಳಿಗೆಗೆ ಒಯ್ದು ಹಗ್ಗದ ಮಂಚದ, ಅಂದರೆ ಹೊರಸಿನ ಮೇಲೆ ಹರವುವುದು. ಆ ವರ್ಷ ಮೇ ಮುಗಿಯುತ್ತ ಬಂದರೂ ಮಣೆ ಮುಟ್ಟಿರಲಿಲ್ಲ.

ಒಳಗೆ ಬಂದು ನೋಡುತ್ತೇನೆ, ಬುಟ್ಟಿಯೂ ಇಲ್ಲ, ನೂಡಲ್ಸೂ ಇಲ್ಲ, ಅತ್ತೆಯೂ ಇಲ್ಲ! ತಲೆ ತಿರುಗುವ ಹೆಂಗಸು ಎಲ್ಲಿಗೆ ಹೋದರು? ನೀರಿನ ಹನಿಗಳು ಮೆಟ್ಟಿಲ ಮೇಲೆ ಸಾಲಾಗಿ ಬಿದ್ದಿದ್ದವು. ಮಾಳಿಗೆಗೆ ಓಡಿದೆ. ಸುಡುವ ಬಿಸಿಲಲ್ಲಿ, ಹೊರಸಿನ ಮೇಲೆ ನನ್ನ ಗಂಡನ ಬಿಳಿ ಪಂಚೆ ಹಾಸಿ, ಅತ್ತೆ ನನ್ನ ನೂಡಲ್ಸನ್ನು ಒಂದೊಂದೇ ಎಳೆ ಬಿಡಿಸಿ ಒಣಹಾಕುತ್ತಿದ್ದರು.

"ಅತ್ತಿ! ಏನ್ ಮಾಡ್ಲಿಕತ್ತೀರಿ?"

"ಒದರಬ್ಯಾಡ. ಹಸಿ ಶಾವಿಗಿ ಬುಟ್ಟ್ಯಾಗ ಒಟ್ಟಿ ಇಟ್ಟಿದಿ. ಮುದ್ದಿ ಆಗ್ತಾವ ಅಂತ ತಂದು ಹರವೀನಿ. ಇಷ್ಟ್ ವರ್ಷ ಆಯ್ತು, ಇಷ್ಟೂ ತಿಳಿಯಂಗಿಲ್ಲ ನಿನಗ?"

"ಅದು ಕುದ್ಸಿದ್ದುರಿ! ತಿನ್ಲಿಕ್ಕ ಮಾಡಿದ್ದು!"

"ತಣ್ಣಗ ಇದ್ದವಲ್ಲ?"

"ತಣ್ಣಗೇ ತಿನ್ನೋದುರಿ!"

"ಅಯ್ಯ ಶಿವನೇ! ತಣ್ಣನ ಶಾವಿಗಿ ಯಾರು ತಿಂತಾರ?"

ನನಗೆ ಸಿಟ್ಟು ನೆತ್ತಿಗೇರಿತು. ಐದು ದಿನದ ಸಿಟ್ಟೂ ಅದರ ಜೊತೆಗೇ ಬಂತು. "ನೀವು ತಿಂತೀರಿ ಅಂತ ಮಾಡಿದ್ದೆರಿ! ನಿಮ್ಮ ಸಲುವಾಗಿ! ನೀವು ಉಣ್ಣಲಾರದೆ ನನಗೂ ತುತ್ತು ಇಳಿಯವಲ್ದು!" ಎಂದು ಮಾಳಿಗೆಯ ಮೇಲೆಯೇ ಕೂಗಿದೆ. ಕೂಗುತ್ತ ಅತ್ತುಬಿಟ್ಟೆ. ನೂಡಲ್ಸ್ ಆಗಲೇ ಪಂಚೆಗೆ ಅಂಟಿ ಒಣಗತೊಡಗಿದ್ದವು.

ಅತ್ತೆ ಪಂಚೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಗೋಡೆ ಹಿಡಿದು ಕೆಳಗಿಳಿದರು. ಅಡುಗೆಮನೆಯ ಮೇಲಿನ ಹಲಗೆಯ ಕಡೆ ಬೆರಳು ಮಾಡಿ, "ಡಬ್ಬಿ ಇಳಿಸು," ಎಂದರು.

ಅದು ಅವರ ಶಾವಿಗೆ ಡಬ್ಬಿ. ತವರೂರು ಸುಲೇಪೇಟದ ಗೋಧಿಯಿಂದ ಮಾಡಿದ್ದು. ಹಬ್ಬಕ್ಕೆ, ಅಳಿಯಂದಿರು ಬಂದಾಗ ಬಿಟ್ಟರೆ ಅದರ ಮುಚ್ಚಳ ತೆಗೆಯುವ ಹಕ್ಕು ನನಗಿರಲಿಲ್ಲ. "ಬೆಲ್ಲ ಹಾಲು ಬಿಟ್ಟು ಶಾವಿಗಿಗಿ ಉಪ್ಪು ಹಾಕ್ತಿಯೇನು?" ಎಂದು ಕೇಳಿದರು. "ಹಾಕ್ತೀನ್ರಿ," ಎಂದೆ. ತಪ್ಪು ಅವರದಾಗಿದ್ದರಿಂದ ಮುಚ್ಚಳ ತಾವೇ ತೆಗೆದು ಕೊಟ್ಟರು.

ಶಾವಿಗೆಯನ್ನು ಎರಡು ನಿಮಿಷ ಕುದಿಸಿ ತಣ್ಣೀರಿಗೆ ಹಾಕಿದೆ. ಶೇಂಗಾ ಹುರಿದು ಸಿಪ್ಪೆ ಹಾರಿಸಿ, ಒಂದು ಚೂರೂ ಒಸಡಿಗೆ ಚುಚ್ಚದಂತೆ ನೀರು ಹಾಕಿ ನುಣ್ಣಗೆ ಅರೆದೆ. ಹುರಿದ ಎಳ್ಳಿನ ಪುಡಿ, ತುಸು ಬೆಲ್ಲ, ಒಂದು ಚಮಚ ಸೋಯಾ ಸಾಸ್, ಎರಡು ಹನಿ ನಿಂಬೆ. ಫೋನಿನವರು ಎಳ್ಳೆಣ್ಣೆ ಎಂದಿದ್ದರು, ನಾನು ಕುಸುಬಿ ಎಣ್ಣೆ ಹಾಕಿದೆ. ಸೌತೆಕಾಯಿ ಸಣ್ಣಗೆ ತುರಿದು ಎಲ್ಲ ಕಲಸಿ, ಪರಸಿ ಹಾಸುಗಲ್ಲಿನ ತಣ್ಣನೆಯ ನೆಲದ ಮೇಲೆ ಇಬ್ಬರಿಗೂ ತಾಟು ಇಟ್ಟೆ.

ಅತ್ತೆ ಎಡಗೈಯಿಂದ ಸೆರಗು ಬಾಯಿಗೆ ಅಡ್ಡ ಹಿಡಿದು ಬಲಗೈಯಿಂದ ಎತ್ತಿದರು. ಎಳೆಗಳು ಜಾರಿ ತಾಟಿಗೆ ಬಿದ್ದವು. ಮತ್ತೆ ಎತ್ತಿದರು, ಮತ್ತೆ ಜಾರಿದವು. ಅವರನ್ನು ನೋಡಬಾರದೆಂದು ನಾನು ನನ್ನ ತಾಟಿಗೆ ಬಾಗಿ ಒಂದು ಎಳೆ ಸೊರ್ ಎಂದು ಎಳೆದುಕೊಂಡೆ. ಅದರ ತುದಿ ಪಟ್ಟನೆ ಮೂಗಿಗೆ ಬಡಿದು ಶೇಂಗಾ ಗೊಜ್ಜು ಕನ್ನಡಕಕ್ಕೆ ಸಿಡಿಯಿತು.

"ಮಕ್ಕಳಿಗಿ ಪಾಠ ಹೇಳೋ ಬಾಯಿ ಏನವ್ವಾ ಇದು?" ಎಂದರು ಅತ್ತೆ. ಅಂದವರೇ ನಕ್ಕರು. ನಗುವಾಗ ಸೆರಗು ಬಿದ್ದುಹೋಯಿತು, ಎತ್ತಿಕೊಳ್ಳಲಿಲ್ಲ. ಬೋಳು ಬಾಯಿ ತೆರೆದು ಒಂದು ಎಳೆ ಸೊರ್ ಎಂದು ಎಳೆದರು. ಆಮೇಲೆ ಇನ್ನೊಂದು. "ಖಾರಿಲ್ಲ, ಏನಿಲ್ಲ, ಬರೇ ಸಪ್ಪಗ ಮಾಡೀದಿ," ಎಂದು ಬೈಯುತ್ತಲೇ ತಾಟು ಖಾಲಿ ಮಾಡಿ ಮುಂದೆ ತಳ್ಳಿದರು. ನಾನು ಮತ್ತೆ ಬಡಿಸಿದೆ. ತಾಟು ತುಂಬಿ ಅಂಚು ದಾಟಿತು. ಅಷ್ಟು ಖುಷಿಯಾಗಿತ್ತು ನನಗೆ.

ಎರಡನೆಯ ತಾಟು ಅರ್ಧವಾಗಿತ್ತು. ಗೇಟಿನ ಸದ್ದಾಯಿತು. "ಎದ್ದಾಳೇನವ್ವಾ?" ಎಂದಿತು ಹೊರಗಿನಿಂದ ಅದೇ ದನಿ. ನಾನು ದಿನದ ಸುಳ್ಳನ್ನು ಸಿದ್ಧ ಮಾಡಿಕೊಂಡು ಏಳತೊಡಗಿದೆ.

"ಕುಂದ್ರು ನೀ," ಎಂದರು ಅತ್ತೆ.

ಕೈ ಎಂಜಲಾಗಿಯೇ ಎದ್ದು ಬಾಗಿಲಿಗೆ ಹೋದರು. ಸೆರಗು ಹೆಗಲ ಮೇಲೆಯೇ ಇತ್ತು. ಗೆಳತಿಯ ಮುಖಕ್ಕೆ ಮುಖ ಕೊಟ್ಟು ನಿಂತರು.

"ಬಾ ಒಳಗ. ಇನ್ಮ್ಯಾಲ ಯಾರರೇ ಬೊಚ್ಚಿ ಅಂದ್ರ ಇಬ್ಬರೂ ಹೊಳ್ಳಿ ನೋಡಬೇಕಾಗ್ತದ."

ಅಜ್ಜಿ ಬಗ್ಗಿ ಆ ಬೋಳು ಬಾಯಿಯೊಳಗೆ ಇಣುಕಿದರು.

"ಹಲ್ಲು ಹೋದ್ರೂ ಮಾತು ಹೋಗಿಲ್ಲ ನಿಂದು," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. "ಐದ್ ದಿನ ಕಾಯ್ಸಿದಿ. ಎಲ್ಲಿ, ನನಗೂ ಹಾಕು."

ನಾನು ಇನ್ನೊಂದು ತಾಟು ತರಲು ಎದ್ದೆ.